ಚಾರ್ಮಾಡಿ ಮೇಲೆ ವಾಪಸ್ ತಿರುಗುವ ಅಭ್ಯಾಸ: ನನ್ನ ಸಿಮ್ ಕಾಕ್‌ಪಿಟ್, ಈ ಮಳೆಗಾಲದ ಪ್ರಗತಿ

ಸಿಮ್ ಎಂದರೆ ಸಿಮ್ಯುಲೇಟರ್: ಮನೆಯ ರೂಮಿನಲ್ಲಿ ಕಾಕ್‌ಪಿಟ್ ಕಟ್ಟಿಕೊಂಡು, ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವುದು. ಮೊದಲು ಮರದ ಕೆಲಸದ ಸುದ್ದಿ ಮುಗಿಸಿಬಿಡುತ್ತೇನೆ. ಪ್ಯಾನೆಲ್ಲಿಗೆ ಹಾಕಿದ್ದ ಎಂಡಿಎಫ್ ಹಲಗೆ ಚಿಕ್ಕಮಗಳೂರಿನ ಜುಲೈ ತೇವಕ್ಕೆ ಅಂಚಿನಲ್ಲಿ ಉಬ್ಬಿ, ಸ್ವಿಚ್ಚುಗಳ ತೂತುಗಳೆಲ್ಲ ಬಿಗಿಯಾಗಿದ್ದವು. ಅದನ್ನು ತೆಗೆದು, ತೋಟದಲ್ಲಿ ಕಡಿಸಿದ್ದ ಸಿಲ್ವರ್ ಓಕ್ ಮರವನ್ನು ಮಿಲ್ಲಿನಲ್ಲಿ ಸೀಳಿಸಿ, ಒಣಗಿದ ಹಲಗೆಗೆ ವಾರ್ನಿಷ್ ಹೊಡೆದು ಕೂರಿಸಿದ್ದೇನೆ. ಹಾರುವ ದಿಕ್ಕು ಹೊಂದಿಸುವ ಹೆಡಿಂಗ್ ನಾಬ್ ಒಂದು ಕಚ್ಚು ತಿರುಗಿಸಿದರೆ ಮೂರು ಡಿಗ್ರಿ ಹಾರುತ್ತಿತ್ತು. ನಾಬ್ ತಿರುಗಿದ್ದನ್ನು ಕಂಪ್ಯೂಟರಿಗೆ ತಿಳಿಸುವ ಎನ್‌ಕೋಡರ್ ಒಳಗೆ ತೇವ ಸೇರಿದ್ದೇ ಕಾರಣ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಆರ್ಡುಯಿನೊ ಸರ್ಕ್ಯೂಟಿನ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟ ಮೇಲೆ ಸರಿಯಾಗಿದೆ. ಕರೆಂಟ್ ಹೋದರೆ ಯುಪಿಎಸ್ ಇಪ್ಪತ್ತು ನಿಮಿಷ ಎಳೆಯುತ್ತದೆ, ಅಷ್ಟು ಸಾಕು.

ಇನ್ನು ಅಸಲು ವಿಷಯ. ಈ ಮಳೆಗಾಲದಲ್ಲಿ ಲ್ಯಾಂಡಿಂಗ್ ನಯವಾಗಿಸುವ ಅಭ್ಯಾಸ ಬದಿಗಿಟ್ಟು, ಒಂದೇ ದಾರಿ ಹಿಡಿದಿದ್ದೇನೆ: ಮಂಗಳೂರಿನಿಂದ ಬೆಂಗಳೂರಿನ ಜಕ್ಕೂರು ಏರೋಡ್ರೋಮಿಗೆ, ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ, ಕಣ್ಣಳತೆಯ ಹಾರಾಟದ ನಿಯಮದಲ್ಲಿ, ಅಂದರೆ ವಿಎಫ್‌ಆರ್‌ನಲ್ಲಿ. ನೇರ ಗೆರೆ ಎಳೆದರೆ ಸುಮಾರು 160 ನಾಟಿಕಲ್ ಮೈಲಿ (ಹೆಚ್ಚುಕಡಿಮೆ 300 ಕಿಲೋಮೀಟರ್), ಹಾಸನದ ಪಕ್ಕದಲ್ಲೇ ಹಾದುಹೋಗುತ್ತದೆ. ನಾನು ಸ್ವಲ್ಪ ಉತ್ತರಕ್ಕೆ ಸರಿದು ಬಂಟ್ವಾಳ, ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ, ಮೂಡಿಗೆರೆ ಎಂದು ಹೋಗುತ್ತೇನೆ. ನೂರಾರು ಸಲ ಬಸ್ಸಿನಲ್ಲಿ ಹತ್ತಿಳಿದ ಘಟ್ಟ ಅದು, ಅದರ ಮಂಜು ಹೇಗೆ ಕೂರುತ್ತದೆ, ಹೇಗೆ ಏಳುತ್ತದೆ ಎಂದು ನನಗೆ ಗೊತ್ತು. ಈ ದಾರಿಯಲ್ಲಿ ನಾನು ಅಭ್ಯಾಸ ಮಾಡುತ್ತಿರುವುದು ಘಟ್ಟ ದಾಟುವುದನ್ನಲ್ಲ, ದಾಟದೆ ವಾಪಸ್ ಬರುವುದನ್ನು.

ಅಕ್ಕನ ಮಗ ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿನ ತರಬೇತಿಯಲ್ಲಿದ್ದಾನೆ. ಮಳೆಯಿಂದ ಅಲ್ಲಿ ಹಾರಾಟ ಕುಂಟುತ್ತಿದೆ ಎಂದು ಊರಿಗೆ ಬಂದಿದ್ದಾನೆ. ನಾನು ಬಳಸುವ ಸಿಮ್ ತಂತ್ರಾಂಶ ಎಕ್ಸ್-ಪ್ಲೇನ್ 12ರಲ್ಲಿ ಬೋಧಕರಿಗೆಂದು ಒಂದು ವ್ಯವಸ್ಥೆ ಇದೆ. ಇನ್ನೊಂದು ಕಂಪ್ಯೂಟರಿನಲ್ಲಿ ಕೂತು ಮೋಡದ ತಳ, ಗೋಚರತೆ, ಗಾಳಿ ಎಲ್ಲವನ್ನೂ ಹಾರುತ್ತಿರುವವನಿಗೆ ಹೇಳದೆ ಬದಲಿಸಬಹುದು. ಅವನು ಲ್ಯಾಪ್‌ಟಾಪ್ ಹಿಡಿದು ನಡುಮನೆಯಲ್ಲಿ ಕೂರುತ್ತಾನೆ, ನಾನು ರೂಮಿನಲ್ಲಿ. ಹಾರಾಟವನ್ನು ನಡುವೆ ತಡೆದು ನಿಲ್ಲಿಸುವ ಕೀಲಿಯನ್ನು ಸೆಟ್ಟಿಂಗ್ಸಿನಿಂದಲೇ ತೆಗೆಸಿದ್ದೂ ಅವನೇ. ಅದು ತುಂಬ ಒಳ್ಳೆಯ ಕೆಲಸವಾಯಿತು. ನಿಲ್ಲಿಸಿ ಯೋಚಿಸಲು ಅವಕಾಶವಿದ್ದರೆ ನಿರ್ಧಾರದ ಅಭ್ಯಾಸಕ್ಕೆ ಅರ್ಥವೇ ಇಲ್ಲ.

ಮೊದಲ ವಾರವೇ ಅವನು ಕೇಳಿದ ಒಂದು ಪ್ರಶ್ನೆ ಇಡೀ ಅಭ್ಯಾಸದ ದಿಕ್ಕು ಬದಲಿಸಿತು.

"ಮಾವ, ನೀವು ತಿರುಗಿಸಿದ್ದು ನಾನು ನೋಡ್ದೆ. ಆದ್ರೆ ತಿರುಗಿಸಬೇಕು ಅಂತ ನಿಮಗೆ ಅನ್ಸಿದ್ದು ಯಾವಾಗ?"

"ಉಜಿರೆ ದಾಟ್ತಿದ್ದ ಹಾಗೇನೆ ಅನ್ಸಿತ್ತು ಕಣೋ."

"ಹಾಗಾದ್ರೆ ಎರಡೂ ಟೈಮ್ ಬರ್ಕೊಳ್ಳಿ. ನಮ್ಮ ಸರ್ ಕೇಳೋದು ಆ ನಡುವಿನ ಟೈಮನ್ನೇ."

ಅಲ್ಲಿಂದ ಲಾಗ್ ಪುಸ್ತಕದಲ್ಲಿ ಎರಡು ಕಾಲಂ. ಅನುಮಾನ ಬಂದ ಕ್ಷಣಕ್ಕೆ ಯೋಕ್ (ವಿಮಾನದ ಸ್ಟಿಯರಿಂಗ್) ಮೇಲಿನ ಒಂದು ಬಟನ್ ಒತ್ತುತ್ತೇನೆ, ಸಮಯ ದಾಖಲಾಗುತ್ತದೆ. ರೆಕ್ಕೆ ವಾಲಿದ ಸಮಯ ಸಿಮ್‌ನಲ್ಲೇ ಸಿಗುತ್ತದೆ. ಎರಡರ ನಡುವಿನ ಅಂತರ ಎಷ್ಟು ದುಬಾರಿ ಎಂದು ತಿಳಿಯಲು ಕಾಗದದ ಮೇಲೆ ಲೆಕ್ಕ ಹಾಕಿದೆ. ಅದನ್ನು ಪೂರ್ತಿ ಕೊಡುತ್ತೇನೆ, ಸಿಮ್ ಹಾರಿಸುವವರೆಲ್ಲ ಒಮ್ಮೆ ತಾವೇ ಮಾಡಿ ನೋಡಬೇಕಾದ ಲೆಕ್ಕ.

ವಿಮಾನದ ವೇಗ ಗಾಳಿಯಲ್ಲಿ 100 ನಾಟ್, ಅಂದರೆ ಗಂಟೆಗೆ 100 ನಾಟಿಕಲ್ ಮೈಲಿ ಇರಲಿ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸಿ ಬೆನ್ನಿಗೆ ಹೊಡೆಯುತ್ತದೆ, 25 ನಾಟ್ ಇಟ್ಟುಕೊಳ್ಳೋಣ. ನೆಲದ ಮೇಲೆ ವೇಗ 125 ನಾಟ್, ಅಂದರೆ ಸೆಕೆಂಡಿಗೆ 64 ಮೀಟರ್. 30 ಡಿಗ್ರಿ ವಾಲಿಸಿ ತಿರುಗಿದರೆ ಸುತ್ತಿನ ತ್ರಿಜ್ಯ ಸುಮಾರು 470 ಮೀಟರ್, ಪೂರ್ತಿ ಹಿಂದೆ ತಿರುಗಲು 28ರಿಂದ 29 ಸೆಕೆಂಡು. ಈ ಹೊತ್ತಿನಲ್ಲಿ ಬೆನ್ನಗಾಳಿ ನಮ್ಮನ್ನು ಘಟ್ಟದ ಕಡೆಗೇ ತಳ್ಳುತ್ತಿರುತ್ತದೆ. ಹಾಗಾಗಿ ತಿರುವು ಶುರುವಾದ ಜಾಗದಿಂದ ಮುಂದಕ್ಕೆ ಸುಮಾರು 670 ಮೀಟರ್ ಹೋಗಿ ಆಮೇಲೆ ಹಿಂದೆ ಬರುತ್ತೇವೆ. ಈಗ ನೋಡಿ: "ಇನ್ನು ಸ್ವಲ್ಪ ನೋಡೋಣ" ಎಂದು ಹತ್ತು ಸೆಕೆಂಡು ಕಳೆದರೆ 640 ಮೀಟರ್. ಹತ್ತು ಸೆಕೆಂಡಿನ ಹಿಂಜರಿಕೆ ತಿನ್ನುವ ಜಾಗ, ಇಡೀ ತಿರುವಿಗೆ ಮುಂದೆ ಬೇಕಾಗುವ ಜಾಗಕ್ಕೆ ಹೆಚ್ಚುಕಡಿಮೆ ಸಮ. ಗೋಚರತೆ ಒಂದೂವರೆ ಕಿಲೋಮೀಟರಿಗೆ ಇಳಿದಿದ್ದರೆ ಎರಡೂ ಕಳೆದು ಉಳಿಯುವುದು ಇನ್ನೂರು ಮೀಟರಿಗೂ ಕಡಿಮೆ. ವಿಎಫ್‌ಆರ್‌ಗೆ 5 ಕಿಲೋಮೀಟರ್ ಗೋಚರತೆ ಬೇಕೆಂಬ ನಿಯಮ ಮೊದಲು ನನಗೆ ಧಾರಾಳ ಎನಿಸುತ್ತಿತ್ತು. ಈ ವೇಗದಲ್ಲಿ 5 ಕಿಲೋಮೀಟರ್ ಎಂದರೆ 78 ಸೆಕೆಂಡು ಅಷ್ಟೇ.

ಬೆನ್ನಗಾಳಿಗೆ ಇನ್ನೊಂದು ಗುಣವಿದೆ. ಸೆಸ್ನಾ ನಿಮಿಷಕ್ಕೆ ಎಷ್ಟು ಅಡಿ ಏರಬೇಕೋ ಅಷ್ಟೇ ಏರುತ್ತದೆ, ಆದರೆ ಆ ನಿಮಿಷದಲ್ಲಿ ಬೆಟ್ಟ ಹೆಚ್ಚು ಹತ್ತಿರ ಬಂದಿರುತ್ತದೆ. ಉಜಿರೆ ಕಡೆಯಿಂದ ಕೊಟ್ಟಿಗೆಹಾರದ ಕಡೆಗೆ ನೆಲ ಕೆಲವೇ ಕಿಲೋಮೀಟರಿನಲ್ಲಿ ಎರಡೂವರೆ ಸಾವಿರ ಅಡಿಗೂ ಹೆಚ್ಚು ಏರುತ್ತದೆ, ಅಕ್ಕಪಕ್ಕದ ಶಿಖರಗಳು ಅದಕ್ಕಿಂತ ಎತ್ತರ. ಏರುತ್ತಾ ಏರುತ್ತಾ ಘಟ್ಟದ ಬುಡಕ್ಕೆ ಹೋಗುವುದನ್ನು ಹಾಗಾಗಿ ಬಿಟ್ಟಿದ್ದೇನೆ. ಬಂಟ್ವಾಳದ ಮೇಲೆ ಸುತ್ತು ಹಾಕಿ ಎತ್ತರ ಪೂರ್ತಿ ಮಾಡಿಕೊಂಡೇ ಮುಂದಿನ ಮಾತು.

ಈಗ ಯೋಕಿಗೆ ಕ್ಲಿಪ್ ಮಾಡಿರುವ ಕಾರ್ಡಿನಲ್ಲಿ ಇಷ್ಟು ಬರೆದಿದೆ. ಬಂಟ್ವಾಳ ಬಿಡುವಾಗ 7,500 ಅಡಿ ಇರಬೇಕು, ಮೋಡದಿಂದ ನಿಯಮದಷ್ಟು ದೂರ ಇರಬೇಕು. ಉಜಿರೆಯ ಮೇಲೆ ಘಟ್ಟದ ನೆತ್ತಿಯ ಗೆರೆ ಕಾಣಬೇಕು, ಅದರಾಚೆಯ ನೆಲವೂ ಕಾಣಬೇಕು. ಆಚೆಯ ನೆಲ ಹೆಚ್ಚುಹೆಚ್ಚು ತೆರೆದುಕೊಳ್ಳುತ್ತಿದ್ದರೆ ನಾವು ನೆತ್ತಿಯ ಮೇಲೆ ಹಾಯುತ್ತೇವೆ, ಕಡಿಮೆಯಾಗುತ್ತಿದ್ದರೆ ಹಾಯುವುದಿಲ್ಲ. ಕೊನೆಯ ಸಾಲು: ಬೆನ್ನ ಹಿಂದೆ ಮಂಗಳೂರು ತೆರೆದಿರಬೇಕು. ಇದನ್ನು ಸೇರಿಸಿದ್ದು ಅಕ್ಕನ ಮಗ ಒಂದು ಸಂಜೆ ಕಡಲ ಕಡೆಯಿಂದ ಮಳೆ ತಂದು ಸುರಿದ ಮೇಲೆ. ಮುಂದೆ ಘಟ್ಟ ಮುಚ್ಚಿತ್ತು, ಹಿಂದೆ ಮಂಗಳೂರೂ ಮುಚ್ಚಿತ್ತು. ಅವತ್ತು ದಕ್ಷಿಣಕ್ಕೆ ಹೊರಳಿ, ಘಟ್ಟದ ಈಚೆಗೇ ಇರುವ ಕಣ್ಣೂರಿಗೆ ಹೋಗಿ ಇಳಿದೆ. ಹಾಸನದ ಭುವನಹಳ್ಳಿ ವಿಮಾನ ನಿಲ್ದಾಣವನ್ನು, ನಮ್ಮ ಪಕ್ಕದ ಊರೆಂಬ ಎಷ್ಟು ಆಸೆಯಿದ್ದರೂ, ಸಂಚಾರ ಶುರುವಾಗುವವರೆಗೆ ಬದಲಿ ನಿಲ್ದಾಣ ಎಂದು ಬರೆದುಕೊಳ್ಳುವುದಿಲ್ಲ.

ಈ ಕಾರ್ಡು ಬಂದ ಮೇಲೆ ಜುಲೈನ ನಿಜವಾದ ಹವಾಮಾನ ಹಾಕಿಕೊಂಡರೆ ಬಹುತೇಕ ದಿನ ಹೊರಡುವುದೇ ಇಲ್ಲ. ಹೊರಡದ ದಿನವನ್ನೂ ಲಾಗಿನಲ್ಲಿ ಬರೆಯುತ್ತೇನೆ: ಕಾರಣ, ಮೋಡದ ತಳ, ಗಾಳಿ.

ಒತ್ತಡವನ್ನು ಸಿಮ್‌ನೊಳಗೆ ತರುವುದು ಹೇಗೆ ಎಂಬುದೇ ಕಷ್ಟದ ಭಾಗವಾಗಿತ್ತು. ಮನೆಯ ಕುರ್ಚಿಯಲ್ಲಿ ಕೂತವನಿಗೆ ಜಕ್ಕೂರು ಮುಟ್ಟಲೇಬೇಕೆಂಬ ಹಂಬಲ ಎಲ್ಲಿಂದ ಬರಬೇಕು? ಅದಕ್ಕೆ ಅಕ್ಕನನ್ನೇ ಪಕ್ಕದ ಸೀಟಿನಲ್ಲಿ ಕೂರಿಸಿದೆವು. ಬೆಂಗಳೂರಿನಲ್ಲಿ ಮದುವೆ, ಹತ್ತೂಕಾಲಿಗೆ ಮುಹೂರ್ತ, ಹೇಗಾದರೂ ಮುಟ್ಟಿಸು ಎನ್ನಬೇಕು ಎಂದು ಮಗ ಹೇಳಿಕೊಟ್ಟಿದ್ದ. ಉಜಿರೆಯ ಮೇಲೆ ಬೂದು ಗೋಡೆ ಕಾಣಿಸಿತು. "ಇಷ್ಟು ದೂರ ಬಂದಿದ್ದೀವಿ, ಇನ್ನೇನು ಮೂಡಿಗೆರೆ ಬಂತಲ್ಲೋ. ಒಂಚೂರು ಮುಂದೆ ಹೋಗಿ ನೋಡು" ಎಂದಳು ಅಕ್ಕ. ಆಟವೆಂದು ಗೊತ್ತಿದ್ದೂ ಆ ಮಾತು ಕೈಯನ್ನು ಹಿಡಿದು ನಿಲ್ಲಿಸಿತು. ಅವತ್ತಿನ ಅಂತರ ಈ ಮಳೆಗಾಲದಲ್ಲೇ ದೊಡ್ಡದು. ಈಗ ಅಕ್ಕ ಕೂತಿದ್ದರೂ ಅಂತರ ಐದಾರು ಸೆಕೆಂಡಿನೊಳಗೆ ಬಂದಿದೆ. ಕಾರಣ ನನ್ನ ಕೈಚಳಕವಲ್ಲ, ಕಾರ್ಡು. ನೆಲದ ಮೇಲೆ ಕೂತು ಮಾಡಿದ ನಿರ್ಧಾರವನ್ನು ಗಾಳಿಯಲ್ಲಿ ಮತ್ತೆ ಚರ್ಚಿಸಬೇಕಾಗಿಲ್ಲ.

ಮಂಗಳೂರಿನಿಂದ ಹೊರಡುವಾಗೆಲ್ಲ 2010ರ ಮೇ 22 ನೆನಪಾಗುತ್ತದೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ಮೀರಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಬದುಕಿದ್ದು 8 ಜನ. ಎತ್ತರ ಹೆಚ್ಚಿತ್ತು, ಅಪ್ರೋಚ್, ಅಂದರೆ ಇಳಿಯಲು ರನ್‌ವೇ ಕಡೆಗೆ ಬರುವ ಹಾರಾಟ, ಸ್ಥಿರವಾಗಿರಲಿಲ್ಲ, ಸಹಪೈಲಟ್ ಮೂರು ಸಲ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರಿ) ಎಂದಿದ್ದರು ಎಂದು ತನಿಖಾ ವರದಿ ಹೇಳುತ್ತದೆ. ಅಲ್ಲಿ ಇಳಿಯುವ ನಿರ್ಧಾರ, ಇಲ್ಲಿ ಘಟ್ಟದ ನಿರ್ಧಾರ. ಹಿಡಿದ ದಾರಿಯನ್ನು ಬಿಡಲಾಗದ ಸೆಳೆತ ಮಾತ್ರ ಎರಡರಲ್ಲೂ ಒಂದೇ. ನನ್ನ ವಾಪಸಾತಿ ಲ್ಯಾಂಡಿಂಗಿಗೂ ಈಗ ಗೇಟ್ ಇದೆ: ನೆಲದಿಂದ 500 ಅಡಿಯಲ್ಲಿ ವೇಗ, ಇಳಿಜಾರು, ರನ್‌ವೇಗೆ ನೇರ ಮೂರೂ ಸರಿಯಿರಬೇಕು. ಇಲ್ಲದಿದ್ದರೆ ಪೂರ್ತಿ ಪವರ್, ಮತ್ತೊಂದು ಸುತ್ತು.

ಸಿಮ್ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಬರೆಯಲೇಬೇಕು. ಮೋಡದೊಳಗೆ ಹೋದರೆ ನನ್ನ ಕುರ್ಚಿ ಅಲುಗುವುದಿಲ್ಲ, ಪ್ಯಾನೆಲ್ಲಿನ ಮೀಟರ್ ನೋಡಿಕೊಂಡು ಸಮವಾಗಿ ಹಾರಿಸಿಬಿಡುತ್ತೇನೆ. ಈ ನೆಮ್ಮದಿ ನಿಜವಾದ ಆಕಾಶದಲ್ಲಿ ಇಲ್ಲ. ರೆಕ್ಕೆ ತೀರಾ ನಿಧಾನವಾಗಿ ವಾಲಿದರೆ ಒಳಗಿವಿಗೆ ತಿಳಿಯುವುದೇ ಇಲ್ಲ. ಆಮೇಲೆ ಸರಿಪಡಿಸಿದಾಗ ವಾಲಿದಂತೆ ಭಾಸವಾಗುತ್ತದೆ, ದೇಹ ಮತ್ತೆ ತಪ್ಪು ಕಡೆಗೆ ಎಳೆಯುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿಯೇ ಹಾರಿಸುವುದು ತಿಳಿಯದ 20 ಮಂದಿಯನ್ನು ಹೊರಗಿನ ನೋಟ ಮುಚ್ಚಿ ಹಾರಿಸಿದಾಗ ಎಲ್ಲರೂ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಅನುಭವಿಗಳಿಗೂ ಇದು ತಪ್ಪಿದ್ದಲ್ಲ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಬಿದ್ದದ್ದಕ್ಕೆ ವಾಯುಪಡೆ ಕೊಟ್ಟ ಕಾರಣ, ಕಣಿವೆಯಲ್ಲಿ ಹವೆ ಅನಿರೀಕ್ಷಿತವಾಗಿ ಬದಲಾಗಿ ಮೋಡದೊಳಗೆ ಹೊಕ್ಕು ಪೈಲಟ್‌ಗೆ ದಿಕ್ಕಿನ ಭ್ರಮೆಯಾದದ್ದು. ಆ ಕಣಿವೆ ನಮ್ಮದೇ ಪಶ್ಚಿಮ ಘಟ್ಟದ ಸಾಲಿನ ನೀಲಗಿರಿಯದು.

ಆದ್ದರಿಂದ ಮೋಡದೊಳಗೆ ಹೊಕ್ಕ ಹಾರಾಟವನ್ನು, ಆಮೇಲೆ ಎಷ್ಟೇ ಚೆನ್ನಾಗಿ ಹೊರಬಂದರೂ, ಅಪಘಾತ ಎಂದೇ ದಾಖಲಿಸುತ್ತೇನೆ. ಅಕ್ಕನ ಮಗನಿಗೆ ಇದು ಅತಿ ಎನಿಸಿತು. "ನಮಗೆ ಹುಡ್ ಹಾಕಿಸಿ ಮೀಟರ್ ಮೇಲೇ ತಿರುಗೋದು ಕಲಿಸ್ತಾರೆ ಮಾವ, ಅದನ್ನೂ ಮಾಡಿ" ಎಂದ. ಹುಡ್ ಅಂದರೆ ಹೊರಗಿನ ನೋಟ ಮುಚ್ಚುವ ಮುಸುಕು. ಮಾತು ಸರಿಯೇ, ಅದನ್ನು ಬೇರೆ ಪಾಠವಾಗಿ ಸೇರಿಸಿದ್ದೇವೆ. ಲಾಗಿನ ನಿಯಮ ಮಾತ್ರ ಬದಲಿಸಿಲ್ಲ.

ಮುಂದಿನ ಕೆಲಸ ಪೂರ್ವದ ಕಡೆಯಿಂದ: ಜಕ್ಕೂರಿನಿಂದ ಮಂಗಳೂರಿಗೆ, 8,500 ಅಡಿಯಲ್ಲಿ. ಆಗ ಗಾಳಿ ಎದುರು, ಮತ್ತು ಘಟ್ಟದ ಮರೆಯ ಬದಿಯಲ್ಲಿ ಗಾಳಿ ಕೆಳಕ್ಕೆ ಇಳಿಯುತ್ತಿರುತ್ತದೆ. ನೆತ್ತಿಯ ಗೆರೆಗೆ ನೇರ ಹೋಗದೆ 45 ಡಿಗ್ರಿ ಓರೆಯಾಗಿ ಹೋದರೆ ತಪ್ಪಿಸಿಕೊಳ್ಳಲು ಅರ್ಧ ಸುತ್ತು ಬೇಕಾಗುವುದಿಲ್ಲ, ಕಾಲು ಸುತ್ತು ಸಾಕು. ಮೂಡಿಗೆರೆಯ ಮೇಲೆ ಆ ಓರೆ ಎಲ್ಲಿಂದ ಶುರುವಾಗಬೇಕೆಂದು ನಕಾಶೆಯಲ್ಲಿ ಗುರುತು ಹಾಕುತ್ತಿದ್ದೇನೆ. ಗಾಳಿಯ ಲೆಕ್ಕಕ್ಕೆ 25ರ ಬದಲು 35 ನಾಟ್ ಹಾಕಿ ಎಂದು ಅಕ್ಕನ ಮಗ ಹೇಳಿದ್ದಾನೆ. ಅವನು ತರಬೇತಿಗೆ ವಾಪಸ್ ಹೊರಡುವುದರೊಳಗೆ ಎರಡನೆಯ ಕಾರ್ಡು ಬರೆದು ಅವನ ಕೈಯಲ್ಲೇ ತಿದ್ದಿಸಬೇಕು.