ಅಕ್ಕಿ ಮೂಟೆ, ಗ್ರೈಂಡರ್ ಮತ್ತು ಒನ್ ಮಿನಿಟ್ ಸೈಲೆನ್ಸ್

ಮುಂಬೈಯ ಮಾಟುಂಗದಲ್ಲಿ ಅಪ್ಪನ ಹೋಟೆಲಿನ ಹಿಂದೆ ಒಂದು ಗೋಡೌನ್ ಇತ್ತು. ಆಚೆ ಗೋಡೆಗೆ ಅಕ್ಕಿ ಮೂಟೆ, ಈಚೆ ಗೋಡೆಗೆ ಉದ್ದಿನಬೇಳೆ ಮೂಟೆ, ನಡುವೆ ನಾಲ್ಕು ಜನ ನಿಲ್ಲುವಷ್ಟು ಜಾಗ. 2001ರಲ್ಲಿ ನಮ್ಮ ಬ್ಯಾಂಡಿನ ಪ್ರಾಕ್ಟೀಸ್ ಅಲ್ಲೇ. ಆ ಮೂಟೆಗಳು ಶಬ್ದವನ್ನು ಕುಡಿದುಬಿಡುತ್ತಿದ್ದವು. ಗೋಡೆಗೆ ಫೋಮ್ ಅಂಟಿಸಿದ ಸ್ಟುಡಿಯೋಗಳನ್ನು ಆಮೇಲೆ ನೋಡಿದ್ದೇನೆ. ಅಷ್ಟು ಒಳ್ಳೆ ಡ್ರಮ್ಸ್ ಸೌಂಡ್ ಎಲ್ಲೂ ಸಿಕ್ಕಿಲ್ಲ. ತೊಂದರೆ ಒಂದೇ. ಮಧ್ಯಾಹ್ನ ಮೂರಕ್ಕೆ ದೋಸೆ ಹಿಟ್ಟಿನ ಗ್ರೈಂಡರ್ ಶುರುವಾದರೆ ನನ್ನ ಗಿಟಾರಿನ ಆಂಪ್ ಕೂಡ 'ಹೂಂ' ಅಂತ ಗೊಣಗುತ್ತಿತ್ತು. ನಾವು ತಂತಿ ಸಡಿಲ ಮಾಡಿ ಆ ಗೊಣಗಿಗೇ ಶ್ರುತಿ ಸೇರಿಸುತ್ತಿದ್ದೆವು. ನಮ್ಮದು ನು ಮೆಟಲ್, ಅಂದರೆ ಹೆವಿ ಮೆಟಲ್ ಗಿಟಾರಿಗೆ ರ್ಯಾಪ್ ಬೆರೆಸಿದ ರಾಕ್. ನು ಮೆಟಲ್‌ನಲ್ಲಿ ಹೇಗೂ ತಂತಿ ಇಳಿಸಿಯೇ ನುಡಿಸೋದು ಅಲ್ವಾ!

ಕಾಲೇಜಿನಲ್ಲಿ ಆಗ ಎಲ್ಲರಿಗೂ ಕಾರ್ನ್, ಲಿಂಪ್ ಬಿಜ್ಕಿಟ್, ಲಿಂಕಿನ್ ಪಾರ್ಕ್ ಹುಚ್ಚು. ಎಲ್ಲಾ ಅಮೆರಿಕದ ಸರಕು. ನನಗೆ ಮಾತ್ರ ಲಂಡನ್ನಿನದು ಹಿಡಿಸಿತು. ನಮ್ಮ ಡ್ರಮ್ಮರ್‌ನ ಭಾವ ಹಡಗಿನಲ್ಲಿ ಕೆಲಸಕ್ಕಿದ್ದರು. ರಜೆಗೆ ಬಂದಾಗ ತಂದ ಸಿಡಿಗಳಲ್ಲಿ ಒನ್ ಮಿನಿಟ್ ಸೈಲೆನ್ಸ್ ಅನ್ನೋ ಬ್ಯಾಂಡಿನದೂ ಒಂದಿತ್ತು. ಹೆಸರು ಒಂದು ನಿಮಿಷದ ಮೌನ. ಹಾಕಿದರೆ ಒಂದು ಸೆಕೆಂಡೂ ಸುಮ್ಮನಿರಲ್ಲ. ಅಡುಗೆಮನೆಯಿಂದ ಅಮ್ಮ ಕೇಳಿದ್ದು ನೆನಪಿದೆ: "ಯಾರಿಗೋ ಅದು ಬೈಯ್ತಾ ಇರೋದು?"

ಹಾಡುವವನು ಬ್ರಯಾನ್ ಬ್ಯಾರಿ. ಎಲ್ಲರೂ ಯಾಪ್ ಅಂತಾರೆ. ಐರ್ಲೆಂಡಿನ ಟಿಪರರಿ ಕಡೆಯವನು. ಬೇಸ್ ಗಿಟಾರ್ ಹಿಡಿದ ಗ್ಲೆನ್ ಡಿಯಾನಿ ಜಿಬ್ರಾಲ್ಟರ್‌ನವನು. ಗಿಟಾರಿನ ಮಾಸ್ಸಿ ಇಟಲಿಯವನು. ಡ್ರಮ್ಸ್ ಬಾರಿಸುವ ಎಡ್ಡಿ ಸ್ಟ್ರಾಟನ್ ಒಬ್ಬನೇ ಲಂಡನ್ನಿನವನು. ಇದನ್ನು ಓದಿದಾಗ ನನಗೆ ನಮ್ಮ ಹೋಟೆಲಿನ ಹುಡುಗರು ಮಲಗುತ್ತಿದ್ದ ಮಹಡಿ ನೆನಪಾಯಿತು. ಒಬ್ಬ ಕುಂದಾಪುರದವನು, ಒಬ್ಬ ಕಾರ್ಕಳದವನು, ಒಬ್ಬ ಸಿರ್ಸಿ ಕಡೆಯ ಮಾಣಿ, ಗಲ್ಲಾದಲ್ಲಿ ಮಾತ್ರ ಮುಂಬೈಯಲ್ಲೇ ಹುಟ್ಟಿದವನು. ಬ್ಯಾಂಡಿನ 2000ದ ಸಿಂಗಲ್ 'ಫಿಶ್ ಔಟ್ ಆಫ್ ವಾಟರ್', ನೀರಿನಿಂದ ಹೊರಬಿದ್ದ ಮೀನು. ಮೀನಿನ ಊರಿಂದ ಬಂದು ಸಸ್ಯಾಹಾರಿ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಬ್ಯಾಂಡ್ ಶುರುವಾದದ್ದು 1993ರಲ್ಲಿ. ಮೊದಲ ಆಲ್ಬಂ 1998ರ 'ಅವೈಲಬಲ್ ಇನ್ ಆಲ್ ಕಲರ್ಸ್'. 2000ದಲ್ಲಿ 'ಬೈ ನೌ... ಸೇವ್ಡ್ ಲೇಟರ್'. 2003ರಲ್ಲಿ 'ಒನ್ ಲೈ ಫಿಟ್ಸ್ ಆಲ್'. ಮೂರೂ ಹೆಸರು ಗಮನಿಸಿ, ಅಂಗಡಿಯವರ ಮಾತು! ಎಲ್ಲಾ ಬಣ್ಣದಲ್ಲೂ ಇದೆ. ಈಗ ತಗೊಳ್ಳಿ, ಮೋಕ್ಷ ಆಮೇಲೆ. ಒಂದೇ ಸುಳ್ಳು, ಎಲ್ಲರ ಅಳತೆಗೂ ಸರಿ. ದಾದರಿನ ಸೀರೆ ಅಂಗಡಿಗಳ ಮುಂದೆ ಬೆಳೆದ ನನಗೆ ಇವು ತೀರಾ ಪರಿಚಯದ ಬೋರ್ಡುಗಳು. ಅಪ್ಪನ ಗಲ್ಲಾದ ಮೇಲೂ ಒಂದು ತೂಗುತ್ತಿತ್ತು: ಇಂದು ನಗದು, ನಾಳೆ ಉದ್ರಿ. ಆ ನಾಳೆ ಯಾವತ್ತೂ ಬರೋದಿಲ್ಲ ಅನ್ನೋದೇ ತಮಾಷೆ. ಯಾಪ್ ಮೂರು ಆಲ್ಬಂ ತುಂಬಾ ಕೂಗಿದ್ದು ಸುಮಾರಾಗಿ ಅದನ್ನೇ ಅಂತ ನನ್ನ ಅಭಿಪ್ರಾಯ. ಇನ್ನೂ ಮಜಾ ಅಂದರೆ, ಕೊಳ್ಳುಬಾಕತನಕ್ಕೆ ಬೈದ ಆ ಎರಡನೇ ಆಲ್ಬಂ ಬಂದದ್ದು ವಿ2 ರೆಕಾರ್ಡ್ ಕಂಪನಿಯಿಂದ. ಅದನ್ನು ಕಟ್ಟಿದವರು ವರ್ಜಿನ್‌ನ ಉದ್ಯಮಿ ರಿಚರ್ಡ್ ಬ್ರಾನ್ಸನ್. ಬೈಯೋದಕ್ಕೂ ಮೈಕ್ ಯಾರಾದರೂ ಕೊಡಬೇಕಲ್ಲ.

ಮೂರನೇ ಆಲ್ಬಂ ಬಂದ ವರ್ಷವೇ ಬ್ಯಾಂಡ್ ಮುರಿಯಿತು. ಮುಂಬೈಯಲ್ಲಿ ನಮಗೂ ಅದು ಕೆಟ್ಟ ಕಾಲ. ಧೋಬಿ ತಲಾವಿನ ಬಯಲು ರಂಗಮಂದಿರ ರಂಗ ಭವನ ನಮ್ಮಂಥವರಿಗೆ ದೇವಸ್ಥಾನ ಇದ್ದ ಹಾಗೆ. ಇಂಡಿಪೆಂಡೆನ್ಸ್ ರಾಕ್ ಅನ್ನೋ ರಾಕ್ ಸಂಗೀತೋತ್ಸವ ನಡೆಯುತ್ತಿದ್ದದ್ದು ಅಲ್ಲೇ. ಆಸ್ಪತ್ರೆ ಹತ್ತಿರ ಇದೆ, ಇದು ನಿಶ್ಶಬ್ದ ವಲಯ ಅಂತ ಅಲ್ಲಿಯ ಸಂಗೀತ ನಿಂತಿತು. ನಮ್ಮ ಬ್ಯಾಂಡಿಗಂತೂ ಅಲ್ಲಿಯವರೆಗೆ ಹೋಗುವ ಯೋಗವೇ ಬರಲಿಲ್ಲ. ಒಂದು ಕಾಲೇಜು ಫೆಸ್ಟಿನಲ್ಲಿ ಎರಡನೇ ಹಾಡಿನ ನಡುವೆ ಕರೆಂಟ್ ತೆಗೆದರು. ಡ್ರಮ್ಮರ್ ಒಬ್ಬನೇ ಇನ್ನೂ ಇಪ್ಪತ್ತು ಸೆಕೆಂಡ್ ಬಾರಿಸುತ್ತಲೇ ಇದ್ದ. ನಮ್ಮ ಕೊನೆಯ ಶೋ ಅದು.

ಒನ್ ಮಿನಿಟ್ ಸೈಲೆನ್ಸ್ 2011ರಲ್ಲಿ ಮತ್ತೆ ಸೇರಿತು. 2013ರಲ್ಲಿ 'ಫ್ರಾಗ್ಮೆಂಟೆಡ್ ಆರ್ಮಗೆಡ್ಡನ್' ಅನ್ನೋ ಹೊಸ ಆಲ್ಬಂ ಬಂತು. ಅಷ್ಟು ಹೊತ್ತಿಗೆ ನು ಮೆಟಲ್ ಅಂದರೆ ಜನ ನಗುತ್ತಿದ್ದರು. ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಒಂದು ಕಾಲಿನ ಮೇಲೆ ನಿಂತು ಕೇಳಿದೆ. ಅಂಗಡಿ ಬೋರ್ಡಿನ ತಮಾಷೆ ಈ ಸಲ ಹೆಸರಿನಲ್ಲೇ ಇಲ್ಲ. ನನಗೆ ಅದೇ ಬೇಜಾರು. ಕುರ್ಲಾ ದಾಟುವಾಗ ಪಕ್ಕದವರು ಇಯರ್‌ಫೋನಿನ ಸದ್ದು ಕಡಿಮೆ ಮಾಡಿ ಅಂದರು. ಮಾಡಿದೆ.

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಡ್ರಮ್ಮರ್ ಕೆನಡಾದಿಂದ ಬಂದಿದ್ದ. ನಾಲ್ವರೂ ಮಾಟುಂಗದಲ್ಲಿ ಸೇರಿದೆವು. ಹೋಟೆಲು ಈಗ ಬೇರೆಯವರ ಕೈಯಲ್ಲಿದೆ. ಗೋಡೌನ್ ಇದ್ದ ಜಾಗ ಎಸಿ ರೂಮ್. ಗಿಟಾರ್ ಯಾರೂ ತಂದಿರಲಿಲ್ಲ. ದೋಸೆ ತಿಂದೆವು, ಬಿಪಿ ಮಾತ್ರೆಗಳ ಬಗ್ಗೆ ಜಾಸ್ತಿ ಮಾತಾಡಿದೆವು. ಮೂರು ಗಂಟೆಗೆ ಗೋಡೆಯಾಚೆ ಗ್ರೈಂಡರ್ ಶುರುವಾಯಿತು. ಅದೇ 'ಹೂಂ'. ಡ್ರಮ್ಮರ್ ಎರಡು ಚಮಚ ಎತ್ತಿಕೊಂಡು ಮೇಜಿನ ಅಂಚಿಗೆ ಬಾರಿಸತೊಡಗಿದ. ಕರೆಂಟ್ ತೆಗೆದ ಆ ಎರಡನೇ ಹಾಡು.

ಕರೆಯುತ್ತಿದ್ದಾರೆ ಅಂದುಕೊಂಡು ಸಪ್ಲೈಯರ್ ಓಡಿ ಬಂದು ಬಿಲ್ ಇಟ್ಟು ಹೋದ.