ಮುಖ್ಯಮಂತ್ರಿಗಳ ಹೆಸರು ಬಿಡಿಸಿ ಓದುವ ಬಗೆ

ಕರ್ನಾಟಕದ ರಾಜಕಾರಣಿಗಳ ಹೆಸರಿನ ಅರ್ಥ ಹುಡುಕುವವರು ನೇರವಾಗಿ ನಿಘಂಟು ತೆರೆಯುತ್ತಾರೆ. ಎಡವಟ್ಟಾಗುವುದು ಅಲ್ಲೇ. ನಮ್ಮ ಹಿರಿಯರು ಹೆಸರಿಟ್ಟದ್ದು ಹೆಚ್ಚಾಗಿ ಮನೆದೇವರನ್ನೋ, ಹರಕೆ ಹೊತ್ತ ಕ್ಷೇತ್ರವನ್ನೋ, ತೀರಿಹೋದ ಅಜ್ಜನನ್ನೋ ನೆನೆದು. ಹಾಗಾಗಿ ಗುಡಿ ಎಲ್ಲಿದೆ ಅಂತ ಮೊದಲು ಕೇಳಬೇಕು, ನಿಘಂಟು ಆಮೇಲೆ.

ಅದಕ್ಕೂ ಮುಂಚೆ ಸ್ವಂತ ಹೆಸರು ಯಾವುದು ಅಂತ ಗೊತ್ತಾಗಬೇಕಲ್ಲ. ಹಳೇ ಮೈಸೂರಿನ ಕಡೆ ಸಾಮಾನ್ಯವಾಗಿ ಊರು, ಅಪ್ಪ, ಕೊನೆಗೆ ಸ್ವಂತ ಹೆಸರು. ಎಸ್.ಎಂ. ಕೃಷ್ಣ ಅಂದರೆ ಸೋಮನಹಳ್ಳಿಯ ಮಲ್ಲಯ್ಯನವರ ಮಗ ಕೃಷ್ಣ. ಎಚ್.ಡಿ. ದೇವೇಗೌಡರ 'ಎಚ್' ಹರದನಹಳ್ಳಿ, 'ಡಿ' ತಂದೆ ದೊಡ್ಡೇಗೌಡ. ಮಗ ಕುಮಾರಸ್ವಾಮಿಯವರಿಗೂ ಎಚ್.ಡಿ. ಅಂತಲೇ ಇದೆ, ಆದರೆ ಆ 'ಡಿ' ದೇವೇಗೌಡ. ಉತ್ತರ ಕರ್ನಾಟಕಕ್ಕೆ ಹೋದರೆ ಲೆಕ್ಕ ಉಲ್ಟಾ. ಬಿ.ಡಿ. ಜತ್ತಿಯವರ 'ಬಿ' ಅವರದೇ ಹೆಸರು, ಬಸಪ್ಪ. 'ಡಿ' ತಂದೆ ದಾನಪ್ಪ, ಜತ್ತಿ ಮನೆತನ. ಎಸ್.ಆರ್. ಬೊಮ್ಮಾಯಿ ಸೋಮಪ್ಪ ರಾಯಪ್ಪ. ಮಗ ಬಸವರಾಜ ಸೋಮಪ್ಪ. ಜೆ.ಎಚ್. ಪಟೇಲರ ಹೆಸರು 'ಪಟೇಲ್' ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅದು ಊರ ಪಟೇಲಿಕೆಯಿಂದ ಬಂದದ್ದು, ಹೆಸರು ಜಯದೇವಪ್ಪ. ಈ ಎರಡು ಅಚ್ಚಿಗೂ ಹೊಂದದವರೂ ಇದ್ದಾರೆ: ಮಾಪಣ್ಣ ಮಲ್ಲಿಕಾರ್ಜುನ ಖರ್ಗೆಯವರಲ್ಲಿ ಮೊದಲು ತಂದೆ, ನಡುವೆ ಸ್ವಂತ ಹೆಸರು, ಕೊನೆಗೆ ಮನೆತನ.

ಹೆಸರು ಸಿಕ್ಕ ಮೇಲೆ ಅದರ ಬಾಲ ಬಿಡಿಸಿ. ಅಪ್ಪ, ಅಯ್ಯ, ಅಣ್ಣ, ರಾವ್ ಗೌರವಕ್ಕೆ ಸೇರಿದವು. ಗೌಡ ಅನ್ನುವುದು ಶಾಸನಗಳಲ್ಲಿ ಬರುವ 'ಗಾವುಂಡ', ಅಂದರೆ ಊರ ಮುಖ್ಯಸ್ಥ. ಉಳಿದದ್ದೇ ಬೇರು. ಬಸಪ್ಪನಲ್ಲಿ ಉಳಿಯುವುದು ಬಸವ, ಸಂಸ್ಕೃತದ ವೃಷಭದಿಂದ ಇಳಿದು ಬಂದ ರೂಪ. ಅಪ್ಪ ಅಂತ ಇದ್ದ ಮಾತ್ರಕ್ಕೆ ಗಂಡುದೇವರೇ ಆಗಬೇಕಿಲ್ಲ. ಯಲ್ಲಪ್ಪ, ದುರ್ಗಪ್ಪ, ಮಾರಪ್ಪ ಎಲ್ಲ ಅಮ್ಮನವರ ಹೆಸರುಗಳು.

ನಿಘಂಟು ಪೂರ್ತಿ ಕೈಕೊಡುವ ಹೆಸರೆಂದರೆ ಯಡಿಯೂರಪ್ಪ. ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ ಇದೆ. 1943ರಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದ ಮಗುವಿಗೆ ಆ ಕ್ಷೇತ್ರದ ಹೆಸರು ಬಂತು. ತಂದೆಯ ಹೆಸರು ನೋಡಿ, ಸಿದ್ದಲಿಂಗಪ್ಪ. ಅಪ್ಪನಿಗೆ ಯತಿಯ ಹೆಸರು, ಮಗನಿಗೆ ಯತಿಯ ಊರಿನ ಹೆಸರು. ಹೀಗೆ ಬಿ.ಎಸ್. ಯಡಿಯೂರಪ್ಪ ಎಂಬ ಒಂದೇ ಹೆಸರಲ್ಲಿ ಎರಡು ಊರುಗಳಿವೆ: ಬೂಕನಕೆರೆ ಮನೆ ಇದ್ದ ಊರು, ಯಡಿಯೂರು ನಡೆದುಕೊಳ್ಳುವ ಊರು. ಮೂರೂ ಭಾಗ ಒಂದಕ್ಕೊಂದು ಇಷ್ಟು ಚೆನ್ನಾಗಿ ಕೂಡಿಕೊಂಡ ಹೆಸರು ನಮ್ಮ ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. 2007ರಲ್ಲಿ ಇಂಗ್ಲಿಷ್ ಕಾಗುಣಿತದಲ್ಲಿ ಒಂದು 'ಡಿ' ಸೇರಿಸಿ 'ಐ' ತೆಗೆದರು, 2019ರಲ್ಲಿ ಹಳೆಯದಕ್ಕೇ ಮರಳಿದರು. ಕನ್ನಡದಲ್ಲಿ ಹೆಸರು ಇದ್ದ ಹಾಗೇ ಇತ್ತು.

ಸಿದ್ದರಾಮಯ್ಯ ಅನ್ನುವುದನ್ನು ನೋಡಿದ ಕೂಡಲೇ ಅಯೋಧ್ಯೆಯ ರಾಮನನ್ನು ನೆನೆಯುವವರಿದ್ದಾರೆ. ಆದರೆ ಇದು ಶೈವ ಹೆಸರು. ಮೈಸೂರು ತಾಲ್ಲೂಕಿನ ಅವರ ಊರೇ ಸಿದ್ದರಾಮನಹುಂಡಿ, ಮನೆದೇವರು ಸಿದ್ದರಾಮೇಶ್ವರ. ಹುಂಡಿ ಅಂದರೆ ಆ ಭಾಗದಲ್ಲಿ ಸಣ್ಣ ಹಳ್ಳಿ. ಸಿದ್ಧರಾಮ ಎಂಬ ಹೆಸರು ನಾಡಿಗೆಲ್ಲ ಗೊತ್ತಿರುವುದು ಹನ್ನೆರಡನೇ ಶತಮಾನದ ಸೊನ್ನಲಿಗೆಯ ವಚನಕಾರ ಸಿದ್ಧರಾಮನಿಂದ. ಸಂಸ್ಕೃತದ ಮಹಾಪ್ರಾಣ 'ದ್ಧ' ಆಡುಮಾತಿನಲ್ಲಿ 'ದ್ದ' ಆಗಿದೆ. ಹೆಸರನ್ನು ಅವರವರು ಬರೆದುಕೊಳ್ಳುವ ಹಾಗೇ ಬರೆಯಬೇಕು, ತಿದ್ದಲು ಹೋಗಬಾರದು.

ಕೆಂಗಲ್ ಹನುಮಂತಯ್ಯನವರ ವಿಷಯದಲ್ಲೂ ಗುಡಿಯೇ ಉತ್ತರ. ಅವರು ಹುಟ್ಟಿದ್ದು ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ. ಕೆಂಗಲ್ ಇರುವುದು ರಾಮನಗರ–ಚನ್ನಪಟ್ಟಣದ ನಡುವೆ, ಹೆದ್ದಾರಿ ಪಕ್ಕದ ಆಂಜನೇಯನ ಜಾಗ. ಕೆಂಪು ಕಲ್ಲು ಕೆಂಗಲ್ ಆಯಿತು.

ಗಡಿ ಜಿಲ್ಲೆಯಾದರೆ ಪಕ್ಕದ ಭಾಷೆಯನ್ನೂ ನೋಡಬೇಕು. ಮೊದಲ ಮುಖ್ಯಮಂತ್ರಿ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ ಕೋಲಾರದವರು. ಕನ್ನಡದಲ್ಲಿ ಎಷ್ಟು ತಡಕಾಡಿದರೂ 'ಚೆಂಗಲ' ಬಗೆಹರಿಯದು. ತಮಿಳಿನಲ್ಲಿ ಚೆಂಗಲ್ವರಾಯ ಅಂದರೆ ತಿರುತ್ತಣಿಯ ಮುರುಗ, ಕೆಂಪು ನೈದಿಲೆಯ ಒಡೆಯ. ಅದೇ ಕೋಲಾರದಿಂದ ಏಳು ಸಲ ಲೋಕಸಭೆಗೆ ಗೆದ್ದ ಕೆ.ಎಚ್. ಮುನಿಯಪ್ಪನವರ ಹೆಸರಿನ 'ಮುನಿ'ಯನ್ನು ಋಷಿ ಅಂತ ಬರೆದುಬಿಡುತ್ತಾರೆ. ಕೋಲಾರ, ಬೆಂಗಳೂರು ಕಡೆ ಮುನಿ ಅಂದರೆ ಮುನೇಶ್ವರ, ಊರು ಕಾಯುವ ದೇವರು.

ತಿಪ್ಪೇಸ್ವಾಮಿ, ತಿಪ್ಪಾರೆಡ್ಡಿ ಥರದ ಹೆಸರುಗಳಲ್ಲಿ ಇನ್ನೂ ಹುಷಾರಾಗಿರಬೇಕು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ದೃಷ್ಟಿ ತಾಗದಿರಲೆಂದು ತಿಪ್ಪ, ಗುಂಡ ಅಂತ ಕರೆಯುವ ರೂಢಿ ಇದ್ದದ್ದು ನಿಜ. ಆದರೆ ಚಿತ್ರದುರ್ಗ ಸೀಮೆಯಲ್ಲಿ ತಿಪ್ಪೇಸ್ವಾಮಿ ಅಂದರೆ ಮೊದಲು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ನೆನೆಯಬೇಕು. ಜಿಲ್ಲೆ ನೋಡದೆ 'ತಿಪ್ಪೆ' ಅಂತ ಅರ್ಥ ಹೇಳಿದರೆ ತಪ್ಪಾಗುತ್ತದೆ, ಆ ಮನೆಯವರಿಗೆ ನೋವೂ ಆಗುತ್ತದೆ.

ಜಗದೀಶ, ಸದಾನಂದ ಇಂಥವಕ್ಕೆ ನಿಘಂಟು ಸಾಕು: ಜಗತ್ತಿನ ಒಡೆಯ, ಸದಾ ಆನಂದದಲ್ಲಿರುವವನು. ಇವು ಎಲ್ಲಾ ಊರಲ್ಲೂ ಇಡುವ ಹೆಸರುಗಳು. ಊರಿನ ಸುಳಿವು ಬೇಕಾದರೆ ಇನಿಷಿಯಲ್ಲಿಗೇ ಹೋಗಬೇಕು. ಡಿ.ವಿ. ಸದಾನಂದ ಗೌಡರ 'ಡಿ' ಸುಳ್ಯ ತಾಲ್ಲೂಕಿನ ದೇವರಗುಂಡ, 'ವಿ' ತಂದೆ ವೆಂಕಪ್ಪ.