ಬೇಯಿಸಿದ ಮೇಲಿನ ಎರಡು ಗಂಟೆ

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ, ಬದುಕಿರುವ ಮಕ್ಕಳು ಎರಡಕ್ಕಿಂತ ಕಡಿಮೆ ಇರುವ ತಾಯಿಗೆ ಸಂಬಳಸಹಿತ ರಜೆ 26 ವಾರ. ಎದೆಹಾಲಿನ ಜೊತೆಗೆ ಮಗುವಿಗೆ ಬೇರೆ ಆಹಾರ ಶುರುವಾಗಬೇಕಾದದ್ದು ಆರು ತಿಂಗಳು ತುಂಬಿದ ಮೇಲೆ. ರಜೆ ಪೂರ್ತಿ ಹೆರಿಗೆಯ ನಂತರಕ್ಕೇ ಉಳಿದರೂ, ತಾಯಿ ಕೆಲಸಕ್ಕೆ ಮರಳುವುದು ಮತ್ತು ಮಗು ಮೊದಲ ತುತ್ತು ನುಂಗುವುದು ಒಂದೇ ವಾರದಲ್ಲಿ ಬಂದು ನಿಲ್ಲುತ್ತವೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಶಿಶುಪಾಲನಾ ಕೇಂದ್ರದಲ್ಲಿ ಮಕ್ಕಳ ಅಡುಗೆಯ ಹೊಣೆ ನನ್ನದು. ಈ ಕೆಲಸದಲ್ಲಿ ನಾನು ಕಲಿತದ್ದರ ಬಹುಪಾಲು ಆ ಇಕ್ಕಟ್ಟಿನ ವಾರದಲ್ಲಿ ತಾಯಂದಿರು ತರುವ ಡಬ್ಬಿಗಳಿಂದ.

ತರಕಾರಿ ತೊಳೆಯುವುದರಲ್ಲಿ, ಬೇಯಿಸುವುದರಲ್ಲಿ ನಮ್ಮ ಹೆಣ್ಣುಮಕ್ಕಳು ಬಹಳ ಎಚ್ಚರ. ಕಷ್ಟ ಶುರುವಾಗುವುದು ಒಲೆ ಆರಿಸಿದ ಮೇಲೆ. ಬೆಳಿಗ್ಗೆ ಐದಕ್ಕೆ ಸಿಹಿಕುಂಬಳ, ಕ್ಯಾರೆಟ್ ಬೇಯಿಸಿ ಅರೆದು, ಬಿಸಿಬಿಸಿಯಾಗಿಯೇ ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಬ್ಯಾಗಿನ ತಳಕ್ಕೆ ಸೇರಿಸಿ ಬಸ್ ಹತ್ತುತ್ತಾರೆ. ಮಗು ಅದನ್ನು ತಿನ್ನುವುದು ಹನ್ನೊಂದಕ್ಕೆ. ಡಬ್ಬಿ ತೆರೆದರೆ ಮುಚ್ಚಳದ ಒಳಮೈಯೆಲ್ಲ ಬೆವರು. ಆ ಹನಿಗಳು ತೊಟ್ಟಿಕ್ಕಿ ಹಳದಿ ಗೊಜ್ಜಿನ ಮೇಲೆ ತೆಳ್ಳಗೆ ನೀರು ನಿಂತಿರುತ್ತದೆ. ಮುಟ್ಟಿದರೆ ಉಗುರುಬೆಚ್ಚಗಿರುತ್ತದೆ. ತಾಯಿಗೆ ಅದು ಸಮಾಧಾನ, ‘ಇನ್ನೂ ಬೆಚ್ಚಗಿದೆ’ ಎನ್ನುತ್ತಾರೆ. ನನಗೆ ಆತಂಕವಾಗುವುದೇ ಆ ಬೆಚ್ಚಗಿನಿಂದ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಕುದಿಸಿದರೂ ಕೆಲವು ಜಾತಿಯ ಬೀಜಾಣುಗಳು ಸಾಯದೆ ಉಳಿದು, ಆಹಾರ ನಿಧಾನವಾಗಿ ಆರುವಾಗ ಮತ್ತೆ ಚಿಗುರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ನಿಯಮದಂತೆ ಬೇಯಿಸಿದ ಆಹಾರ ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಾದರೆ ಅಷ್ಟು ಹೊತ್ತು ಇಡುವುದೂ ಬೇಡ ಎನ್ನುತ್ತೇನೆ.

ಹಾಗಾಗಿ ನಮ್ಮ ಅಡುಗೆಮನೆಯಲ್ಲಿ ಬೆಂದದ್ದನ್ನು ಬೇಗ ಆರಿಸುವುದೇ ಒಂದು ಕೆಲಸ. ಹೋಳುಗಳನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸುತ್ತೇವೆ. ನೀರಿನಲ್ಲಿ ಕುದಿಸಿ ಬಸಿದರೆ ಸಿ ಜೀವಸತ್ವ ಆ ನೀರಿನ ಜೊತೆಯೇ ಹೋಗುತ್ತದೆ. ಅರೆದದ್ದನ್ನು ಆಳವಾದ ಪಾತ್ರೆಯಲ್ಲಿ ಬಿಡದೆ, ಅಗಲವಾದ ತಟ್ಟೆಗೆ ಬೆರಳ ದಪ್ಪಕ್ಕೆ ಹರಡಿ, ತಣ್ಣೀರು ತುಂಬಿದ ಪರಾತದಲ್ಲಿ ಆ ತಟ್ಟೆಯನ್ನು ಇಟ್ಟು ಚಮಚದಿಂದ ಕದಡುತ್ತಿರುತ್ತೇವೆ. ಅಷ್ಟು ತೆಳುವಾಗಿದ್ದರೆ ಬೇಗ ಆರುತ್ತದೆ. ಅದೇ ಗೊಜ್ಜು ಕುಕ್ಕರಿನಲ್ಲೇ ಇದ್ದರೆ ಮಧ್ಯಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಆರಿದ್ದು ಸಣ್ಣ ಡಬ್ಬಿಗಳಿಗೆ ಹೋಗುತ್ತದೆ, ಮುಚ್ಚಳದ ಮೇಲೆ ತರಕಾರಿಯ ಹೆಸರು, ದಿನ, ಹೊತ್ತು ಬರೆದ ಪಟ್ಟಿ ಅಂಟುತ್ತದೆ. ಫ್ರಿಜ್ಜಿನ ಬಾಗಿಲಿನಲ್ಲಿ ಇಡುವುದಿಲ್ಲ. ತೆರೆದಾಗಲೆಲ್ಲ ಮೊದಲು ಬಿಸಿಯಾಗುವ ಜಾಗ ಅದು.

ಮನೆಯಲ್ಲಿ ಮಾಡಿಟ್ಟುಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಫ್ರಿಜ್ಜಿನಲ್ಲಿ ಒಂದು ದಿನ, ಹೆಚ್ಚೆಂದರೆ ಎರಡು. ಅದಕ್ಕಿಂತ ಹೆಚ್ಚು ಬೇಕಿದ್ದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಗಟ್ಟಿಯಾದ ಮೇಲೆ ಬಿಲ್ಲೆಗಳನ್ನು ಮುಚ್ಚುವ ಡಬ್ಬಿಗೆ ಹಾಕಿ. ಒಂದು ಬಿಲ್ಲೆ ಸುಮಾರು ಎರಡು ದೊಡ್ಡ ಚಮಚದಷ್ಟು, ಶುರುವಿನ ದಿನಗಳಲ್ಲಿ ಒಂದು ಹೊತ್ತಿಗೆ ಸಾಕು. ಒಂದು ತಿಂಗಳೊಳಗೆ ಮುಗಿಸಿ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಕೊಡುವ ಮುನ್ನ ಪೂರ್ತಿ ಹಬೆಯಾಡುವಂತೆ ಬಿಸಿ ಮಾಡಿ ಆರಿಸಿ. ಮೈಕ್ರೊವೇವ್ ಬಳಸಿದರೆ ಚೆನ್ನಾಗಿ ಕದಡಿ, ಇಲ್ಲದಿದ್ದರೆ ಅಲ್ಲಲ್ಲಿ ಕುದಿಯುವಷ್ಟು ಬಿಸಿ ಉಳಿದು ನಾಲಿಗೆ ಸುಡುತ್ತದೆ. ಆಲೂಗಡ್ಡೆ ಮಿಕ್ಸಿಗೆ ಹಾಕಿದರೆ ಅಂಟಂಟಾಗುತ್ತದೆ, ಅದನ್ನು ಆಗಿಂದಾಗಲೇ ಕೈಯಲ್ಲೇ ಹಿಸುಕಿ. ಪಾಲಕ್ ಮತ್ತು ಬೀಟ್‌ರೂಟ್ ಮಾತ್ರ ಅಂದಂದಿಗೆ ಮಾಡಿ ಅಂದಂದಿಗೇ ಮುಗಿಸಿ. ಅವುಗಳಲ್ಲಿ ನೈಟ್ರೇಟ್ ಹೆಚ್ಚು. ಬೇಯಿಸಿ ಹಾಗೇ ಇಟ್ಟರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟ್ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಕುಗ್ಗಿಸುತ್ತದೆ. ಎಳೆಯ ಮಕ್ಕಳಿಗೆ ಈ ಅಪಾಯ ದೊಡ್ಡವರಿಗಿಂತ ಹೆಚ್ಚು.

ಇನ್ನೊಂದು ಮಾತು, ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ. ಬರೀ ತರಕಾರಿಯಿಂದ ಮಗುವಿನ ಹೊಟ್ಟೆ ತುಂಬಿದರೂ ಮೈ ತುಂಬುವುದಿಲ್ಲ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಲ್ಲದೆ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ ಬೇಕು. ನೂರು ಗ್ರಾಂ ಸಿಹಿಕುಂಬಳದಲ್ಲಿ ಸಿಗುವುದು ಸುಮಾರು 25. ಅಂದರೆ ದಿನಕ್ಕೆ 800 ಗ್ರಾಂ ಕುಂಬಳ ತಿನ್ನಿಸಬೇಕು! ಏಳು ಕಿಲೋ ತೂಕದ ಮಗುವಿನ ಜಠರ ಒಂದು ಸಲಕ್ಕೆ ಹಿಡಿಯುವುದೇ 200 ಮಿಲಿಲೀಟರ್ ಆಸುಪಾಸು. ಅದರಲ್ಲೂ ಹಾಲು ಕುಡಿಸುವ ಒಳಲೆಯಲ್ಲಿ ಹುಯ್ಯುವಷ್ಟು ನೀರು ಬೆರೆಸಿದರೆ ಆ ಪುಟ್ಟ ಜಾಗವನ್ನೆಲ್ಲ ನೀರೇ ತಿನ್ನುತ್ತದೆ. ಚಮಚ ಓರೆ ಮಾಡಿದರೆ ತಟ್ಟನೆ ಜಾರದಷ್ಟು ಗಟ್ಟಿ ಇರಬೇಕು. ತರಕಾರಿಯನ್ನು ರಾಗಿ ಸರಿಗೋ ಬೆಂದ ಹೆಸರುಬೇಳೆಗೋ ಕೂಡಿಸಿ, ಮೇಲೆ ಅರ್ಧ ಚಮಚ ತುಪ್ಪ ಹಾಕಿ. ಕ್ಯಾರೆಟ್, ಕುಂಬಳದ ಬಣ್ಣದಿಂದ ಎ ಜೀವಸತ್ವ ದಕ್ಕಬೇಕಾದರೂ ಜಿಡ್ಡು ಬೇಕೇ ಬೇಕು.

ಉಪ್ಪು, ಸಕ್ಕರೆ ಒಂದು ವರ್ಷದವರೆಗೆ ಬೇಡ. ಜೇನುತುಪ್ಪವಂತೂ ನಾಲಿಗೆಗೆ ಸವರುವುದಕ್ಕೂ ಬೇಡ, ಅದರಿಂದ ಬೊಟುಲಿಸಂ ಎಂಬ ಅಪಾಯದ ಕಾಯಿಲೆ ತಗಲಬಹುದು. ಸಪ್ಪೆ ಎಂದು ಮುಖ ಕಿವುಚುವವರು ರುಚಿ ನೋಡಿದ ದೊಡ್ಡವರು. ಮಗುವಿಗೆ ಕುಂಬಳದ ಸಿಹಿಯೇ ಹೊಸದು.

ಕಾನೂನಿನಂತೆ ತಾಯಿ ದಿನಕ್ಕೆ ನಾಲ್ಕು ಸಲ ಕೇಂದ್ರಕ್ಕೆ ಬಂದು ಮಗುವನ್ನು ನೋಡಬಹುದು, ಬಿಡುವಿನ ಹೊತ್ತೂ ಅದರಲ್ಲೇ ಸೇರಿದೆ. ಹನ್ನೊಂದರ ಭೇಟಿಗೆ ನಾವು ಆಹಾರವನ್ನು ಹೊಂದಿಸಿ ಬಿಸಿ ಮಾಡುತ್ತೇವೆ, ಅವರೇ ತಿನ್ನಿಸುತ್ತಾರೆ. ಒಮ್ಮೆಗೇ ಪೂರ್ತಿ ಬಡಿಸುವುದಿಲ್ಲ. ಎಂಜಲು ಚಮಚ ಮುಟ್ಟಿದ ಬಟ್ಟಲಿನಲ್ಲಿ ಮಿಕ್ಕಿದ್ದನ್ನು ಎತ್ತಿಡುವಂತಿಲ್ಲ. ಐದು ಗಂಟೆಗೆ ಎದ್ದು ಕುಂಬಳ ಹೆಚ್ಚಿ ಬರುವ ಹೆಂಗಸಿಗೆ ಅನ್ನವನ್ನು ಚೆಲ್ಲು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಪುಟ್ಟ ಬಟ್ಟಲಿಗೆ ಎರಡು ಚಮಚ ಹಾಕಿಕೊಟ್ಟು, ಉಳಿದದ್ದನ್ನು ಮುಚ್ಚಿ ಇಟ್ಟುಕೊಂಡು, ಮಗು ಬಾಯಿ ತೆರೆದಂತೆಲ್ಲ ಶುಚಿಯಾದ ಬೇರೆ ಚಮಚದಿಂದ ಬಡಿಸುತ್ತೇವೆ.